ಎರಡು ಮೂಲೆ, ಮೂರು ಚೌಕ

"ನನ್ನ ಗೂಟ ಕಿತ್ತಿದ್ದು ಯಾರು?"

ಶಾಲೆಯ ಅಂಗಳದಲ್ಲಿ ನಿಂತು ಅವಳು ಕೇಳಿದಳು. ಚಿಕ್ಕಪ್ಪನ ಕೈಕೆಳಗೆ ಕೆಲಸ ಕಲಿತವಳಿಗೆ ಈ ಚೌಕಾಕಾರದ ಓದುಕೋಣೆ ಮೇಸ್ತ್ರಿಯಾಗಿ ಮೊದಲ ಕೆಲಸ. ಎಡವಿದರೆ ಬೇರೆಯವರಿಗೆ ಕೊಡುತ್ತೇನೆಂದು ಚಿಕ್ಕಪ್ಪ ಮೊದಲೇ ಹೇಳಿದ್ದರು.

"ನಾನೇ," ಎಂದ ಸರ್ವೇಯರ್. "ತಪ್ಪು ಜಾಗದಲ್ಲಿತ್ತು."

ಅವನನ್ನು ಬೇರೆ ಸೈಟುಗಳಲ್ಲಿ ದೂರದಿಂದ ನೋಡಿದ್ದಳು. ಸ್ವಲ್ಪ ಹೆಚ್ಚೇ ನೋಡಿದ್ದಳು. ಮಾತಾಡಿದ್ದು ಇದೇ ಮೊದಲು, ಅದೂ ಹೀಗೆ!

"ನೀವು ಕೊಟ್ಟಿದ್ದು ಎರಡೇ ಮೂಲೆ, (2, 3) ಮತ್ತು (8, 5). ಅಲ್ಲಿಗೇ ದಾರ ಕಟ್ಟಿದೀನಿ. ಏನ್ ತಪ್ಪು?"

ಅವನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಪ್ಪ ಅವನನ್ನು ಆಚೆ ಕರೆದರು. "ಪಾಯ ಅಗೆಯೋರು ಮಧ್ಯಾಹ್ನ ಬರ್ತಾರೆ. ಅಷ್ಟರಲ್ಲಿ ಸರಿಮಾಡು," ಎಂದರು ಅವಳಿಗೆ.

ದೂರದಲ್ಲಿ ಇಬ್ಬರದೂ ಪಿಸುಮಾತು. 'ಚಾಡಿ ಹೇಳ್ತಿದಾನೆ...' ಅಳು ಬರುವಂತಾಯಿತು. ಕಡ್ಡಿಯೊಂದನ್ನು ಎತ್ತಿಕೊಂಡಳು. ಅತ್ತರೆ ಗೂಟ ತಾನಾಗಿ ಊರಿಕೊಳ್ಳುವುದಿಲ್ಲವಲ್ಲ.

ಕಾಂಪೌಂಡಿನ ಬೀದಿ ಬದಿಯ ಮೂಲೆಯನ್ನು ಸೊನ್ನೆ ಎಂದುಕೊಂಡು ನೆಲದಲ್ಲಿ ಗೀಚಿದಳು. ಮೊದಲ ಸಂಖ್ಯೆ ಪಕ್ಕಕ್ಕೆ, ಎರಡನೆಯದು ಒಳಕ್ಕೆ, ಎಲ್ಲ ಮೀಟರಿನಲ್ಲಿ. ಕೊಟ್ಟ ಒಂದು ಮೂಲೆಯಿಂದ ಇನ್ನೊಂದಕ್ಕೆ ಆರು ಪಕ್ಕಕ್ಕೆ, ಎರಡು ಒಳಕ್ಕೆ. ಅದು ಗೋಡೆಯಾದರೆ ಮುಂದಿನ ಗೋಡೆ ಎರಡು ಹಿಂದಕ್ಕೆ ಸರಿದು ಆರು ಒಳಕ್ಕೆ, ಇಲ್ಲವೇ ಎರಡು ಮುಂದಕ್ಕೆ ಸರಿದು ಆರು ಹೊರಕ್ಕೆ ಹೋಗಬೇಕು.

ಒಳಕ್ಕಾದರೆ (0, 9), (6, 11). ಅವಳು ಊರಿದ್ದು ಇದನ್ನೇ. ಒಂದು ಮೂಲೆ ಪಕ್ಕದ ಮನೆಯ ಗೋಡೆಗೇ ತಾಗಿತ್ತು! ಹೊರಕ್ಕಾದರೆ (4, -3), (10, -1). ಮಕ್ಕಳು ಬೀದಿಯಲ್ಲಿ ಕೂತು ಓದಬೇಕು.

ಮತ್ತೆ?... ಮೇಸ್ತ್ರಿಗಳು ಮೊದಲು ಗೋಡೆಗೆ ದಾರ ಹಿಡಿಯುತ್ತಾರೆ. ಸರ್ವೇಯರುಗಳು?

ಅವಳ ಕೈ ನಿಂತಿತು. ಅವರು ಕೊಡುವುದು ಎದುರುಬದುರು ಮೂಲೆ. ಆ ದಾರ ಗೋಡೆಯಲ್ಲ, ಕರ್ಣ!

ನಡುಬಿಂದು (5, 4). ಅಲ್ಲಿಂದ ಕೊಟ್ಟ ಮೂಲೆಗೆ ಮೂರು ಪಕ್ಕಕ್ಕೆ, ಒಂದು ಒಳಕ್ಕೆ. ಅದನ್ನೇ ಅಡ್ಡ ತಿರುಗಿಸಿದರೆ ಉಳಿದವು (4, 7), (6, 1). ಗೂಟ ಹೊಡೆದು ಎರಡೂ ಕರ್ಣ ಅಳೆದಳು. ಸಮವಾಗಿದ್ದವು. ಕೋಣೆ ಅಂಗಳದೊಳಗೆ ಅಚ್ಚುಕಟ್ಟಾಗಿ ಕೂತಿತ್ತು.

ಚಿಕ್ಕಪ್ಪ ನೋಡಿ ತಲೆದೂಗಿದರು. "ಅಗೆಸು. ಕೆಲಸ ನಿಂದೇ. ನಾಲ್ಕೂ ಮೂಲೆ ಬರೆದುಕೊಡದಿದ್ದದ್ದು ತನ್ನ ತಪ್ಪು ಅಂತಾನೆ ಆ ಹುಡುಗ. ನಿನ್ನ ತೆಗೀಬೇಡಿ ಅಂತ ಆಗಿಂದ ನನ್ನ ತಲೆ ತಿಂದ."

ಅವಳು ಸೀದಾ ಅವನ ಬಳಿ ನಡೆದಳು.

"ಅದನ್ನ ನನಗೇ ಹೇಳಬಹುದಿತ್ತಲ್ಲ?"

"ನಿಮ್ಮೆದುರು ಮಾತೇ ಹೊರಡಲ್ಲ..." ಅವನು ತಲೆ ತಗ್ಗಿಸಿದ. "ಇಲ್ಲಿ ನನ್ನ ಕೆಲಸ ಇವತ್ತಿಗೆ ಮುಗೀತು. ನಾಳೆ ನಿಮ್ಮನ್ನ ನೋಡೋಕೆ ಬರ್ಲಾ? ನೀವಂದ್ರೆ ನನಗಿಷ್ಟ."

ಅವಳು ಅವನ ಮುಖವನ್ನೇ ನೋಡಿದಳು.

"ಬನ್ನಿ. ಚಿಕ್ಕಪ್ಪ ಇರೋವಾಗ್ಲೇ ಬನ್ನಿ. ಕದ್ದು ನೋಡಿ ಹೋಗೋರು ನನಗೆ ಬೇಡ."

"ಅವರು ಬೈದ್ರೆ?"

"ನಾನಿದೀನಲ್ಲ."