ಯಾದಿಯ ಹದಿನೆಂಟನೆಯ ಸಾಲು

1945ನೇ ಇಸವಿ ಜೂನ್ 4, ಸೋಮವಾರ, ಮುಂಜಾನೆ ಹತ್ತೂಕಾಲು. ವಿಜಾಪುರ ಶಹರ ಠಾಣೆಗೆ ಬರುವ ಫಿರ್ಯಾದಿಗಳು ಸಾಮಾನ್ಯವಾಗಿ ಅಳುವಿನಿಂದಲೋ ಬೈಗುಳದಿಂದಲೋ ಶುರುವಾಗುತ್ತವೆ. ಅಂದು ಬಂದದ್ದು ಹಾಗಿರಲಿಲ್ಲ. ತಂದವನೇ ಅದನ್ನು ದುಂಡಗಿನ ಅಕ್ಷರದಲ್ಲಿ ಬರೆದು, ಎಡಕ್ಕೆ ಅಂಚು ಬಿಟ್ಟು, ನೆಟ್ಟಗೆ ಮಡಚಿ, ಮೇಲೆ ವಿಷಯವನ್ನೂ ನಮೂದಿಸಿದ್ದ.

ಆತ ಈರಯ್ಯ, ಸ್ಟೇಷನ್ ರಸ್ತೆಯ ರೋಗನಿವಾರಣಾ ಕಚೇರಿಯ ರೆಕಾರ್ಡು ಕಾರಕೂನ. ಪ್ಲೇಗಿನ ಕಾಲದಲ್ಲಿ ತೆರೆದ ಕಚೇರಿ ಅದು. ಯಾವ ಹಳ್ಳಿಯಲ್ಲಿ ಕಾಲರಾ ಬಿದ್ದರೂ ವರದಿ ಅಲ್ಲಿಗೆ ಬರಬೇಕು, ಬಾವಿಗೆ ಹಾಕುವ ಔಷಧವೂ ಸೂಜಿ ಚುಚ್ಚುವ ಡಾಕ್ಟರೂ ಅಲ್ಲಿಂದಲೇ ಹೊರಡಬೇಕು. ಕಳುವಾದದ್ದು ಆ ಕಚೇರಿಯ ಆವಕ ರಜಿಸ್ಟರ್, ಅಂದರೆ ಬಂದ ಪ್ರತಿ ಕಾಗದವನ್ನು ದಿನ, ಹೊತ್ತು ಸಹಿತ ಬರೆದಿಡುವ ಪುಸ್ತಕ. ಎಫ್.ಐ.ಆರ್. ದಾಖಲಿಸುತ್ತ ಫೌಜದಾರ ಗುರಲಿಂಗಪ್ಪ ಕೇಳಿದ.

"ಕೀಲಿ ಮುರದಾರೇನ್ರಿ?"

"ಇಲ್ರಿ. ಕಿಡಕಿ ತೆರದಿತ್ತು."

"ಕಪಾಟಿನ್ಯಾಗ ಎಷ್ಟು ರಜಿಸ್ಟರ್ ಇದ್ದುವು?"

"ನಲವತ್ಮೂರ್ರಿ."

"ಹೋದದ್ದು?"

"ಒಂದ ರಿ."

"ಸಂಶಯ ಯಾರ ಮ್ಯಾಲ?"

"ಕರಿಹಾಳದ ವಾಲೀಕಾರ ಗೊಲ್ಲಾಳಪ್ಪ. ಮೂರು ವಾರ ಆತು, ಅದ ರಜಿಸ್ಟರ್ ತೋರಸ್ರಿ ಅಂತ ದಿನಾ ಬಂದು ಕಚೇರಿ ಮೆಟ್ಟಲ ಪಾಂವಟಿಗಿ ಮ್ಯಾಲ ಕುಂಡ್ರತಿದ್ದ."

ವಾಲೀಕಾರನೆಂದರೆ ಊರ ಗೌಡನ ಕಾಗದ ಒಯ್ದು ಮುಟ್ಟಿಸುವವ. ಹೆಸರು ಹೇಳಿದ್ದಾಯಿತು, ಕಾರಣ ಹೇಳಿದ್ದಾಯಿತು. ಪೊಲೀಸರಿಗೆ ಉಳಿದದ್ದು ಹಗ್ಗ ಕಟ್ಟುವ ಕೆಲಸ ಒಂದೇ. ಇಷ್ಟು ಸಲೀಸಾಗಿ ಸಿಗುವ ಕಳ್ಳನನ್ನು ಗುರಲಿಂಗಪ್ಪ ಹದಿನೇಳು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

ಸಂಜೆ ನಾಲ್ಕಕ್ಕೆ ಪೇದೆ ಸಿಕಂದರ ಗೊಲ್ಲಾಳಪ್ಪನನ್ನು ಕರೆತಂದ. ಕರಿಹಾಳ ಟಿಕೋಟಾದ ಆಚೆ ಮೂರು ಮೈಲಿ. ಕುರುಚಲು ಗಡ್ಡದ, ನಲವತ್ತರ ಆಳು. ಒಳಗೆ ಬಾ ಎಂದರೂ ಹೊಸ್ತಿಲ ಹೊರಗೇ ನಿಂತ.

"ಓದಾಕ ಬರತೈತೇನೋ?"

"ಇಲ್ರಿ ಯಪ್ಪಾ."

"ಮತ್ತ ಆ ಪುಸ್ತಕದ ಹಾಳಿ ಯಾಕ ಬೇಕಾಗಿತ್ತು?"

"ನನಗ ಓದಾಕಲ್ರಿ. ಊರಿಗಿ ಓದಿ ಹೇಳಾಕ."

ಅವನು ಹೇಳಿದ್ದಿಷ್ಟು. ಮೇ 8ರ ಸಂಜೆ ಕರಿಹಾಳದಲ್ಲಿ ಮೂವರು ಸತ್ತರು. ಗೌಡರು ಕಾಲರಾ ಎಂದು ವರದಿ ಬರೆದು ಇವನ ಕೈಗೆ ಕೊಟ್ಟರು. ಇವನು ಹದಿನೈದು ಮೈಲಿ ನಡೆದು 9ರ ಮುಂಜಾನೆ ಕಚೇರಿಗೆ ಮುಟ್ಟಿಸಿದ. ಔಷಧ ಬರಲಿಲ್ಲ. 11ಕ್ಕೆ ಗೌಡರೇ ಸತ್ತರು. ಔಷಧ ಬಂದದ್ದು ಮೇ 16ಕ್ಕೆ. ಅಷ್ಟರಲ್ಲಿ ಮೂವತ್ತನಾಲ್ಕು ಮಂದಿ ಹೋಗಿದ್ದರು. ಕಚೇರಿಯವರು ವರದಿಯೇ ಬಂದಿಲ್ಲ ಅಂದರು. ಕಾಗದ ಕೊಟ್ಟ ಗೌಡರು ಮಣ್ಣಾಗಿದ್ದರು. ಎಲ್ಲಿಯೋ ಕುಡಿದು ಬಿದ್ದು ಕಾಗದ ಕಳೆದ, ಊರು ಹಾಳು ಮಾಡಿದ ಎಂಬ ಮಾತು ಗೊಲ್ಲಾಳಪ್ಪನ ತಲೆಗೆ ಬಂತು. ಕಾರಹುಣ್ಣಿಮೆಯೊಳಗೆ ಊರು ಬಿಡಬೇಕೆಂದು ಹಿರಿಯರು ಹೇಳಿದ್ದರು. ಕಾಗದ ಮುಟ್ಟಿದ್ದಕ್ಕೆ ಸಾಕ್ಷಿ ಅಂತ ಇದ್ದದ್ದು ಆ ರಜಿಸ್ಟರಿನ ಒಂದು ಸಾಲು ಮಾತ್ರ.

ನಕಲು ಬೇಡಿ ಅವನು ಅರ್ಜಿ ಬರೆಸಿ ಕೊಟ್ಟ. ಗೋಪ್ಯ ದಫ್ತರ, ಕೊಡಲಾಗದು ಎಂದು ತಿರುಗಿ ಬಂತು. ಮತ್ತೆ ಕೊಟ್ಟ, ಮತ್ತೆ ತಿರುಗಿ ಬಂತು. ನಾಲ್ಕನೆಯ ಅರ್ಜಿ ಹೇಗೋ ಮೇಲಿನವರ ಕಣ್ಣಿಗೆ ಬಿದ್ದು, ಜೂನ್ 5ರಂದು ಹಾಳೆ ತೋರಿಸಿರಿ ಎಂದು ಹುಕುಂ ಆಯಿತು. ರಜಿಸ್ಟರ್ ಹೋದದ್ದು ಅದಕ್ಕೆ ಎರಡು ದಿನ ಮೊದಲು.

"ನಾಡದು ತೋರಸ್ತೀವಿ ಅಂದದ್ದನ್ನ ಇವತ್ತ ಯಾರರೆ ಕದೀತಾರೇನ್ರಿ ಸಾಹೇಬ್ರ?" ಎಂದ ಸಿಕಂದರ.

"ಓದಾಕ ಬಾರದಂವ ನಲವತ್ಮೂರರಾಗ ಅದನ್ನ ಒಂದ ಹುಡಿಕಿ ತಗದನೇನು?" ಎಂದ ಗುರಲಿಂಗಪ್ಪ.

ಆದರೂ ಗೊಲ್ಲಾಳಪ್ಪ ಲಾಕಪ್ಪಿಗೇ ಹೋದ. ಕಚೇರಿಯ ಮುಖ್ಯ ಸಾಹೇಬರು ಎರಡು ಸಲ ಟೆಲಿಫೋನು ಮಾಡಿ, ಕಳ್ಳ ಸಿಕ್ಕಿದನೇ ಎಂದು ವಿಚಾರಿಸಿದ್ದರು. ತಪ್ಪಿಲ್ಲದವನೆಂದು ಬಲ್ಲ ಮನುಷ್ಯನನ್ನು ಒಳಗೆ ಹಾಕಿ ಕೀಲಿ ತಿರುವುವುದು ಅಸಹ್ಯದ ಕೆಲಸ. ಗುರಲಿಂಗಪ್ಪನಿಗೆ ಅಂದು ತನ್ನ ಕೈ ಕಂಡು ತನಗೇ ಹೇಸಿಗೆಯಾಯಿತು.

ಮರುದಿನ ಮುಂಜಾನೆ ಏಳಕ್ಕೆ ಟಿಕೋಟಾ ಮೋಟಾರು ಹತ್ತಿ, ಅಲ್ಲಿಂದ ನಡೆದು ಫೌಜದಾರನೂ ಪೇದೆಯೂ ಕರಿಹಾಳ ಮುಟ್ಟಿದರು. ಗೊಲ್ಲಾಳಪ್ಪನ ಮನೆಯಿಂದ ಬಾವಿಗೆ ಹೋಗುವ ಹಾದಿಗೆ ಊರವರು ಜಾಲಿ ಮುಳ್ಳು ಹಚ್ಚಿದ್ದರು. ಅವನ ಹೆಂಡತಿ ತಿಪ್ಪವ್ವ ಹಳ್ಳದ ಒರತೆಯಿಂದ ನೀರು ತಂದು ಆಗಷ್ಟೇ ಕೊಡ ಇಳಿಸಿದ್ದಳು. ಮನೆ ಹುಡುಕಿದರು. ಎರಡು ಗಡಿಗೆ, ಒಂದು ಕಂಬಳಿ, ಗೂಟಕ್ಕೆ ನೇತು ಹಾಕಿದ ಸಣ್ಣ ಹುಡುಗಿಯ ಲಂಗ.

"ಇದು ಯಾರದವಾ?"

"ನಮ್ಮ ರೇಣವ್ವಂದ್ರಿ. ಗೌಡ್ರು ಹ್ವಾದ ಎರಡು ದಿನಕ್ಕ ಆಕಿನೂ ಹ್ವಾದಳ್ರಿ."

ಗುರಲಿಂಗಪ್ಪ ಹುಡುಕುವುದನ್ನು ನಿಲ್ಲಿಸಿದ. ಆಮೇಲೆ, ಊರಲ್ಲಿ ಯಾರಿಗೂ ಮುಂಚೆ ಸುದ್ದಿ ತಿಳಿದಿರಲಿಲ್ಲವೇ ಎಂದ.

"ಯಾರಿಗಿ ತಿಳಿಬೇಕ್ರಿ? ಮನಿಗೊಂದು ಹೆಣ ಬಿದ್ದಾವು. ಪಾಟೀಲರ ಓಣಿ ನೀಲಾಬಾಯಾರ ಮನಿ ಒಂದ ಉಳೀತು. ಗೌಡ್ರು ಸಾಯೂ ಹಿಂದಿನ ದಿನಾನ ಮಕ್ಕಳನ್ನ ಕರಕೊಂಡು ಗಾಡಿ ಕಟ್ಟಿದ್ರು. ಟಿಕೋಟಾ ಮೋಟಾರಿನಂವ ಯಾವುದೋ ಚೀಟಿ ತಂದು ಕೊಟ್ಟಿದ್ದನಂತ್ರಿ. ದೇವರು ದೊಡ್ಡಾಂವ, ಉಳಕೊಂಡ್ರು."

"ಅವರ ತವರು ಯಾವುದು?"

"ಇಟ್ಟಂಗಿಹಾಳ್ರಿ. ಅಣ್ಣ ವಿಜಾಪುರದಾಗ ಔಷಧದ ಕಚೇರ್ಯಾಗ ಅದಾನಂತ. ಈರಯ್ಯ ಅಂತ."

ಸಿಕಂದರ ಬರೆಯುವುದನ್ನು ನಿಲ್ಲಿಸಿ ಫೌಜದಾರನ ಮುಖ ನೋಡಿದ. ವರದಿ ಬಂದೇ ಇಲ್ಲವೆನ್ನುವ ಕಚೇರಿಯ ಕಾರಕೂನನಿಗೆ ಕರಿಹಾಳದ ಸುದ್ದಿ ಮೇ 10ರೊಳಗೇ ತಿಳಿದಿತ್ತು. ಬರೀ ತಿಳಿದಿರಲಿಲ್ಲ, ತಂಗಿಗೆ ತಿಳಿಸಿಯೂ ಇದ್ದ.

ಜೂನ್ 6, ಬಬಲೇಶ್ವರ. ಕಚೇರಿಯ ಜವಾನ, ಪಟ್ಟೆವಾಲ ಲಾಲಸಾಬನನ್ನು ಮೇ 20ಕ್ಕೆ ಇಲ್ಲಿನ ಔಷಧದ ಗೋದಾಮು ಕಾಯಲು ವರ್ಗ ಮಾಡಿದ್ದರು. ಗೋದಾಮಿನಲ್ಲಿ ಔಷಧವೇ ಇರಲಿಲ್ಲ. ಖಾಲಿ ಖೋಲಿ ಕಾಯುತ್ತ ಕೂತ ಮುದುಕನಿಗೆ ಸಿಟ್ಟು ಹೊಟ್ಟೆತುಂಬ ಇತ್ತು.

"ಒಂಬತ್ತನೇ ತಾರೀಖಿಗೆ ಗೊಲ್ಲಾಳಪ್ಪ ಬಂದಿದ್ನೇನು?"

"ಬಂದಿದ್ದ ರಿ. ಪಾಂವಟಿಗಿ ಮ್ಯಾಲ ಕಾಗದ ಇಟ್ಟು ಹಿಂದ ಸರದ. ನಾನ ಎತ್ತಿ ಈರಯ್ಯನೋರ ಕೈಗಿ ಕೊಟ್ಟೇನಿ. ಅವರು ರಜಿಸ್ಟರಿಗಿ ಹಚ್ಚಿ, ಸಾಹೇಬರ ಕಡೆ ವೈದ್ರು. ಹೊರಗ ಬಂದಾಗ ಮಾರಿ ಬಿಳಿಚಿತ್ರಿ."

"ರಜಿಸ್ಟರ್ ಸುಟ್ಟಿರಬಹುದೇನು?"

ಲಾಲಸಾಬ ನಕ್ಕ. "ಈರಯ್ಯನೋರಾ? ಹರದ ಲಕೋಟಿನೂ ಒಗ್ಯಾಂಗಿಲ್ರಿ ಅವರು. ದಫ್ತರದಾಗ ಒಂದು ಚೂರು ಕಾಗದ ಸೇರಿದ್ರೂ ಯಾದಿಗೆ ಹಚ್ಚದ ಊಟಕ್ಕ ಏಳಾಂಗಿಲ್ಲ."

ದಫ್ತರವೆಂದರೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಾಗದದ ಗಂಟು. ಪ್ರತಿ ಗಂಟಿನ ಮೇಲೂ ಒಳಗಿನ ಕಾಗದಗಳ ಯಾದಿ ಇರುತ್ತದೆ. ವಾಪಸು ಬರುವಾಗ ಮೋಟಾರಿನಲ್ಲಿ ಗುರಲಿಂಗಪ್ಪ ಸಿಕಂದರನಿಗೆ ಒಂದೇ ಮಾತು ಹೇಳಿದ: "ನಾಳೆ ಗಂಟು ಬಿಚ್ಚೂದು ಬ್ಯಾಡ. ಯಾದಿಯ ಕಡೀ ಸಾಲು ಓದಿದ್ರ ಸಾಕು."

ಜೂನ್ 7, ಮುಂಜಾನೆ ಹನ್ನೊಂದು. ಮ್ಯಾಜಿಸ್ಟ್ರೇಟರ ವಾರಂಟಿನೊಂದಿಗೆ ರೆಕಾರ್ಡು ಖೋಲಿಯ ಶೋಧನೆ ಶುರುವಾಯಿತು. ಗೋಪ್ಯ ಖೋಲಿ ಎಂದು ಮುಖ್ಯ ಸಾಹೇಬರು ಹಾರಾಡಿ, ವಾರಂಟು ನೋಡಿ ಬಂಗಲೆಗೆ ಹೋದರು. ಪಂಚರಾಗಲು ಸ್ಟೇಷನ್ ರಸ್ತೆಯ ಇಬ್ಬರು ಅಂಗಡಿಕಾರರು ಸಾಕಾಗಿತ್ತು. ಆದರೆ ಗುರಲಿಂಗಪ್ಪ ಒಬ್ಬ ಅಂಗಡಿಕಾರನನ್ನು ಕೈಬಿಟ್ಟು, ಆ ಜಾಗಕ್ಕೆ ಕರಿಹಾಳದ ಹಿರಿಯ ಶಂಕ್ರೆಪ್ಪನನ್ನು ಕರೆಸಿದ್ದ. ಗೊಲ್ಲಾಳಪ್ಪನ ಹಾದಿಗೆ ಮೊದಲ ಮುಳ್ಳು ಹಚ್ಚಿದವನು ಈ ಶಂಕ್ರೆಪ್ಪನೇ. ಕಾಲರಾದಲ್ಲಿ ತಮ್ಮನನ್ನು ಕಳೆದುಕೊಂಡಿದ್ದ.

ಖೋಲಿಯಲ್ಲಿ ನಾಲ್ಕುನೂರು ಗಂಟುಗಳಿದ್ದವು. ಈರಯ್ಯ ಗೋಡೆಗೆ ಆನಿಕೊಂಡು ನಿಂತಿದ್ದ. ಮೊದಮೊದಲು ಪೇದೆ ಗಂಟು ಎತ್ತುವ ರೀತಿ ಸರಿಯಿಲ್ಲವೆಂದು ಬೈದ, ಬಟ್ಟೆ ಹರಿದೀತೆಂದು ಗೊಣಗಿದ. ಬರೀ ಯಾದಿ ಓದುತ್ತಿದ್ದಾರೆಂದು ತಿಳಿದ ಮೇಲೆ ಗಪ್ಪಾದ.

ಎರಡೂವರೆಗೆ ಸಿಕಂದರನ ಕೈ ನಿಂತಿತು. 1931ರಲ್ಲಿ ದೇವಿ, ಅಂದರೆ ಸಿಡುಬಿನ ಲಸಿಕೆ, ಹಾಕಿದ ಮಕ್ಕಳ ಪಟ್ಟಿಗಳ ಗಂಟು. ಹದಿನೇಳು ಸಾಲಿನ ಮಸಿ ಮಾಸಿ ಕಂದಾಗಿತ್ತು. ಹದಿನೆಂಟನೆಯದು ಕಪ್ಪಗೆ ಮಿಂಚುತ್ತಿತ್ತು: 'ಆವಕ ರಜಿಸ್ಟರ್, ಸನ್ 1945, ಒಂದು ಪ್ರತಿ, ಹಾಳಿ 212.' ಅದೇ ದುಂಡಗಿನ ಅಕ್ಷರ. ತಾನು ಕದ್ದ ವಸ್ತುವಿಗೂ ಈ ಮನುಷ್ಯ ನಂಬರು ಕೊಟ್ಟು, ಹಾಳೆ ಎಣಿಸಿ ಬರೆದಿದ್ದ.

ಗಂಟು ಬಿಚ್ಚಿದರು. ಪಂಚನಾಮೆಗಾಗಿ ಮೇ 9ರ ಹಾಳೆಯನ್ನು ಪಂಚರ ಮುಂದೆ ಓದಬೇಕಿತ್ತು. ಗುರಲಿಂಗಪ್ಪ ಗಟ್ಟಿಯಾಗಿ ಓದಿದ.

"ನಂಬರ್ 641. ಮೌಜೆ ಕರಿಹಾಳ. ಕಾಲರಾ. ಸತ್ತವರು ಮೂವರು. ಔಷಧ ತ್ವರಿತ ಬೇಕು. ತಂದವನು ವಾಲೀಕಾರ ಗೊಲ್ಲಾಳಪ್ಪ. ಮುಟ್ಟಿದ ಹೊತ್ತು ಮುಂಜಾನೆ ಒಂಬತ್ತು."

"ಇನ್ನೊಮ್ಮೆ ಓದ್ರಿ," ಎಂದ ಶಂಕ್ರೆಪ್ಪ.

ಓದಿದ.

"ತಿಳೀತೇನ್ರಿ?"

"ತಿಳೀತ್ರಿ." ಶಂಕ್ರೆಪ್ಪ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದ. "ನಾ ಆ ಮನಷ್ಯಾಗ ಯಾವ ಮಾರಿ ತೋರಸ್ಲಿ?"

"ಅದನ್ನ ಪಂಚನಾಮೆದಾಗ ಬರ್ಯಾಕ ಬರೂದಿಲ್ಲ. ಸಹಿ ಮಾಡ್ರಿ. ಊರಿಗಿ ಹೋಗಿ, ಏನು ಕೇಳಿದ್ರಿ ಅದನ್ನ ಹೇಳ್ರಿ."

ಮೂರೂ ನಲವತ್ತಕ್ಕೆ ಈರಯ್ಯನ ಬಂಧನವಾಯಿತು. ಪುರಾವೆ ಮರೆಮಾಡಿದ್ದಕ್ಕೆ ಕಲಂ 204, ಸುಳ್ಳು ಫಿರ್ಯಾದಿಗೆ ಕಲಂ 211. ಠಾಣೆಯಲ್ಲಿ ಅವನು ಹೇಳಿಕೆಯನ್ನೂ ತಾನೇ ಬರೆಯುತ್ತೇನೆಂದು ಕಾಗದ ಕೇಳಿದ. ಕೊಡಲಿಲ್ಲ.

"ವರದಿ ಯಾಕ ಮುಚ್ಚಿಟ್ರಿ?"

"ಮುಂಬಯಿಯಿಂದ ದೊಡ್ಡ ಸಾಹೇಬರ ಸವಾರಿ ಇತ್ರಿ. ಜಿಲ್ಲಾದಾಗ ಕಾಲರಾ ಇಲ್ಲ ಅಂತ ಮೊದಲ ಬರದು ಕಳಿಸಿದ್ವಿ. ಸವಾರಿ ಮುಗಿಯೂತನಕ ಕಾಗದ ತಡೀರಿ ಅಂತ ನಮ್ಮ ಸಾಹೇಬರು ಅಂದ್ರು."

"ಬರದು ಕೊಟ್ಟಾರೇನು?"

"ಬಾಯಿಲೆ ಅಂದ್ರು." ಈರಯ್ಯ ತಲೆ ತಗ್ಗಿಸಿದ. "ರಜಿಸ್ಟರ್ ಸುಡು ಅಂದದ್ದೂ ಬಾಯಿಲೆ. ಮನಿಗಿ ವೈದು ಒಲಿ ಮುಂದ ಕುಂತಿದ್ನಿರಿ. ಕೈ ಬರಲಿಲ್ಲ, ಹೊಳ್ಳಿ ತಂದು ಹಳೇ ಗಂಟಿನ್ಯಾಗ ಇಟ್ಟೆ. ಸೆಪ್ಟೆಂಬರಕ್ಕ ಪೆನ್ಶನ್ ಐತಿ. ಹೂಂ ಅಂದೆ, ಸುಟ್ಟೇನಿ ಅಂತ ಸುಳ್ಳ ಹೇಳಿದೆ."

"ಗೊಲ್ಲಾಳಪ್ಪನ ಹೆಸರು?"

"ಯಾರದರೆ ಒಂದು ಬೇಕಾಗಿತ್ರಿ."

ಗುರಲಿಂಗಪ್ಪ ಸಾಹೇಬರ ಹೆಸರನ್ನೂ ಹೇಳಿಕೆಯಲ್ಲಿ ಬರೆದ. ಲಿಖಿತ ಆಧಾರವಿಲ್ಲ ಎಂಬ ಷರಾ ಬರೆದು ಮೇಲಿನವರು ಆ ಸಾಲನ್ನು ಹೊಡೆದು ಹಾಕಿಸುತ್ತಾರೆಂದು ಅವನಿಗೆ ಗೊತ್ತಿತ್ತು. ಹಾಗೆಯೇ ಆಯಿತು. ಇಪ್ಪತ್ತೊಂಬತ್ತು ವರ್ಷ ಎಲ್ಲವನ್ನೂ ಬರೆದಿಟ್ಟ ಮನುಷ್ಯನ ಹತ್ತಿರ ತನ್ನನ್ನು ಉಳಿಸುವ ಒಂದು ಸಾಲು ಇರಲಿಲ್ಲ.

ಐದಕ್ಕೆ ಗೊಲ್ಲಾಳಪ್ಪನನ್ನು ಬಿಟ್ಟರು. ತಿಪ್ಪವ್ವ ಮುಂಜಾನೆಯಿಂದ ಠಾಣೆಯ ಬೇವಿನ ಗಿಡದ ಕೆಳಗೆ ಕೂತಿದ್ದಳು.

"ಆ ಹಾಳಿ ನಕಲು ಈಗರೆ ಸಿಗತೈತೇನ್ರಿ ಯಪ್ಪಾ?" ಎಂದ ಗೊಲ್ಲಾಳಪ್ಪ.

"ಈಗ ಅದು ಕೋರ್ಟಿನ ಮುದ್ದೆಮಾಲು. ಕೇಸು ಮುಗೀಬೇಕು," ಎಂದ ಗುರಲಿಂಗಪ್ಪ. ಹೇಳಲು ಅವನಿಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಸಿಕಂದರ ಈರಯ್ಯನನ್ನು ಲಾಕಪ್ಪಿಗೆ ಕರೆದೊಯ್ಯಲು ಹೊರಗೆ ತಂದ. ತಿಪ್ಪವ್ವ ಎದ್ದು ಅಡ್ಡ ನಿಂತಳು. ಬೈಯುತ್ತಾಳೆ ಎಂದುಕೊಂಡು ಪೇದೆ ಸುಮ್ಮನೆ ನಿಂತ. ಬೈದರೆ ಬೈಯಲಿ ಎಂದೇ ನಿಂತ. ಅವಳು ಬೈಯಲಿಲ್ಲ.

"ನೀಲಾಬಾಯಾರಿಗಿ ಚೀಟಿ ಕಳಿಸಿದ್ರೆಲ್ಲಾ, ಅದರಾಗ ಏನು ಬರದಿದ್ರಿ?"

ಈರಯ್ಯ ನೆಲ ನೋಡಿದ. "ಬಾವಿ ನೀರು ಕುಡೀಬ್ಯಾಡ್ರಿ, ಹೊಂಟು ಬರ್ರಿ ಅಂತ."

"ಅಷ್ಟ ಏನ್ರಿ?"

"ಅಷ್ಟ."

"ಅಷ್ಟು ಹೇಳಿದ್ರ ನಮಗೂ ತಿಳೀತಿತ್ತಲ್ರಿ," ಎಂದಳು ತಿಪ್ಪವ್ವ.