ನೆತ್ತಿಯೊಳಗಿನ ಸೂಜಿ

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಮಿದುಳಿನ ಶಸ್ತ್ರಚಿಕಿತ್ಸೆಯ ಡಾಕ್ಟರು ಖುದ್ದಾಗಿ ಠಾಣೆಗೆ ಬಂದು ದೂರು ಕೊಟ್ಟರು. ಮೊಹರು ಮಾಡಿದ ಸಣ್ಣ ಸೀಸೆಯೊಂದನ್ನು ಇನ್ಸ್‌ಪೆಕ್ಟರಮ್ಮನ ಮೇಜಿನ ಮೇಲಿಟ್ಟರು. ಒಳಗೆ ತುಕ್ಕು ಹಿಡಿದ ಸೂಜಿ.

"ಫಿಟ್ಸ್ ಅಂತ ಬಂದ ಹೆಂಗಸಿನ ಮಿದುಳಿಂದ ತೆಗೆದದ್ದು. ಬಂದರಿನಲ್ಲಿ ಕ್ರೇನ್ ಓಡಿಸ್ತಾರೆ. ವಯಸ್ಸು ನಲವತ್ತೊಂದು."

"ತಲೆಗೆ ಏಟು ಬಿದ್ದಿತ್ತಾ?"

"ಇಲ್ಲ. ಹಸುಗೂಸಿನ ನೆತ್ತಿ ಮೆತ್ತಗಿರುತ್ತಲ್ಲ, ಅದು ಗಟ್ಟಿಯಾಗೋ ಮುಂಚೆ ಯಾರೋ ಚುಚ್ಚಿದ್ದಾರೆ." ಡಾಕ್ಟರ ದನಿಯಲ್ಲಿ ಹೆಮ್ಮೆ ಅಡಗಲಿಲ್ಲ. "ಇಂಥದ್ದನ್ನ ಓದಿದ್ದೆ ಅಷ್ಟೇ. ಎಳೆಯುವಾಗ ಮುರಿದು ರಕ್ತನಾಳ ಹರಿದಿದ್ರೆ ಮುಗೀತಿತ್ತು. ಇಡಿಯಾಗಿ ಬಂತು. ಬಲಗೈ ಸೋತಿತ್ತು, ಈಗ ಬೆರಳು ಆಡಿಸ್ತಾರೆ."

ಕೊಲೆ ಯತ್ನದ ಎಫ್‌ಐಆರ್ ದಾಖಲಾಯಿತು. ಆರೋಪಿ ಅಪರಿಚಿತ. ಪಂಚನಾಮೆ ಬರೆಸುವಾಗ ಇನ್ಸ್‌ಪೆಕ್ಟರಮ್ಮ ಭೂತಗನ್ನಡಿಯಲ್ಲಿ ಸೂಜಿಯನ್ನು ನೋಡಿದಳು. ಮೊನೆ ಗುಂಡಗಿರಲಿಲ್ಲ, ಮೂರು ಅಂಚಿತ್ತು. ಕಾನ್‌ಸ್ಟೇಬಲ್ ಬೀದಿ ತುದಿಯ ಚಪ್ಪಲಿ ಅಂಗಡಿಯಲ್ಲಿ ವಿಚಾರಿಸಿ ಬಂದ. "ಚರ್ಮ ಹೊಲಿಯೋದಂತೆ ಮೇಡಂ."

ಆಸ್ಪತ್ರೆಯ ವಾರ್ಡಿನಲ್ಲಿ ರೋಗಿ ತಲೆಗೆ ಪಟ್ಟಿ ಸುತ್ತಿಕೊಂಡು ದಿಂಬಿಗೊರಗಿದ್ದಳು.

"ನಿಮ್ಮನ್ನ ಬೆಳೆಸಿದ್ದು ಯಾರು?"

"ಸೋದರತ್ತೆ. ಅಮ್ಮ ಹೆರಿಗೆಯಲ್ಲೇ ಹೋದಳು. ಅಪ್ಪ ನನ್ನನ್ನ ಬಿಟ್ಟು ಹಡಗು ಹತ್ತಿದ. ಹೆಂಗಸಿಗೆ ಕ್ರೇನ್ ಕೊಡಲ್ಲ ಅಂದಾಗ ಸಾಹೇಬರ ಬಾಗಿಲಲ್ಲಿ ಠಿಕಾಣಿ ಹೂಡಿ ಕೊಡಿಸಿದ್ದು ಅತ್ತೇನೇ."

"ಅವರೇನು ಕೆಲಸ ಮಾಡ್ತಿದ್ರು?"

ರೋಗಿಯ ಕೈ ತಲೆಯ ಪಟ್ಟಿಯ ಮೇಲೆ ಹೋಯಿತು. "ಚರ್ಮದ ಚೀಲ ಹೊಲೀತಿದ್ಳು. ಹೊರಗೇ ಕೂತಿದ್ದಾಳೆ, ಕೇಳಿ. ಸುಳ್ಳು ಹೇಳೋಳಲ್ಲ."

ಮುದುಕಿ ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದಳು. ಸೀಸೆ ನೋಡಿ ಕಣ್ಣು ತಪ್ಪಿಸಲಿಲ್ಲ.

"ಇದು ಯಾರದಮ್ಮಾ?"

"ನಂದು."

"ಯಾಕೆ ಮಾಡಿದ್ರಿ?"

"ನನಗಾಗ ಹತ್ತೊಂಬತ್ತು. ಮದುವೆ ಗೊತ್ತಾಗಿತ್ತು. ಅಣ್ಣ ಕೂಸನ್ನ ನನ್ನ ಮಡಿಲಿಗೆ ಹಾಕಿ ಹೊರಟುಹೋದ. ಕೂಸಿನ ಸಮೇತ ಬರೋದಾದ್ರೆ ಸಂಬಂಧ ಬೇಡ ಅಂತ ಗಂಡಿನ ಕಡೆಯವರು ಹೇಳಿಕಳಿಸಿದ್ರು. ಅವತ್ತು ಮಧ್ಯಾಹ್ನ ತಲೆ ನೆಟ್ಟಗಿರಲಿಲ್ಲ."

"ಆಮೇಲೆ?"

"ಕಿರುಚಿ ಕಿರುಚಿ ಮಲಗಿತು. ಹೋಗುತ್ತೆ ಅಂತ ಕಾದೆ. ಸಂಜೆ ಕಣ್ಣು ಬಿಟ್ಟು ನನ್ನ ಬೆರಳು ಹಿಡ್ಕೊಳ್ತು. ಆ ಸಂಬಂಧ ನನಗೇ ಬೇಡ ಅಂದುಬಿಟ್ಟೆ." ಆಮೇಲೆ ತಾನೇ ಕೇಳಿದಳು, "ಅವಳು ಕ್ರೇನಿನ ಮೇಲೆ ಕೂತಿರೋದನ್ನ ನೋಡಿದೀರಾ? ಇಡೀ ಬಂದರು ತಲೆ ಎತ್ತಿ ನೋಡುತ್ತೆ."

ನರ್ಸಿನ ತೋಳು ಹಿಡಿದು ರೋಗಿ ಬಾಗಿಲಿಗೆ ಬಂದಿದ್ದಳು. ಮಾತೆಲ್ಲ ಕಿವಿಗೆ ಬಿದ್ದಿತ್ತು.

"ಮೈಯೆಲ್ಲಾ ಉರೀತಿದೆ ಅತ್ತೆ. ಕೇಸು ನಡೀಲಿ. ಆದ್ರೆ ಜಾಮೀನಿಗೆ ಊರವರ ಬಾಗಿಲು ತಟ್ಟಬೇಡ, ನಾನಿದೀನಿ."

ಮುದುಕಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಜೀಪು ಹತ್ತಿಸಲು ಮಹಿಳಾ ಕಾನ್‌ಸ್ಟೇಬಲ್ ಕೈ ಚಾಚಿದರೆ, ಬೇಡವೆಂದು ತಾನೇ ಹತ್ತಿದಳು.

ಸಂಜೆ ಇನ್ಸ್‌ಪೆಕ್ಟರಮ್ಮ ವರದಿ ಬರೆದಳು. ಅಪರಾಧಕ್ಕೆ ಕಾರಣ, ಮುರಿದುಬೀಳಲಿದ್ದ ಮದುವೆ ಮತ್ತು ಕೇಳುವವರಿಲ್ಲದ ಹತ್ತೊಂಬತ್ತರ ಹುಡುಗಿಯ ಹತಾಶೆ. ಆಮೇಲಿನ ನಲವತ್ತು ವರ್ಷದ ಸಾಕಣೆ ಕೇಸಿಗೆ ಸಂಬಂಧಪಟ್ಟದ್ದಲ್ಲ. ಆದರೂ ಅದನ್ನೂ ಬರೆದು ಸಹಿ ಹಾಕಿದಳು.