ಬುರುಜಿನಲ್ಲಿ ಮಾಯವಾದ ಬಳೆ

ಫೋಟೋ ತೆಗೆಸಿಕೊಳ್ಳಲು ಬಂದಿದ್ದ ಮದುಮಗಳು ಇನ್ಸಾಫಳ ಚಿನ್ನದ ಬಳೆ ಮಾಯವಾಗಿದೆ ಎಂದು ಗೊತ್ತಾದೊಡನೆ ಮದುಮಗ ಗಲಾಲ್ ಕೂಗಿದ ಕೂಗಿಗೆ ಕೈರೋದ ಅರ್ಧದಷ್ಟು ಪಾರಿವಾಳಗಳು ಹಾರಿಹೋದವು, ಉಳಿದರ್ಧ ಕಿವುಡಾದವು. ಅವನು ಹಳೆಯ ಕೋಟೆಬಾಗಿಲ ಬುರುಜಿನ ಕದ ಜಡಿದು, ಕಾವಲುಗಾರ ಶನೂದಾನ ಸೊಂಟದಿಂದ ಕಿತ್ತುಕೊಂಡ ಬೀಗದ ಕೈಯನ್ನು ಜೇಬಿಗಿಳಿಸಿದ.

"ಬಳೆ ಸಿಗೋವರ್ಗೂ ಒಂದು ನೊಣಾನೂ ಆಚೆ ಹೋಗಂಗಿಲ್ಲ! ಆಮೇಲೆ ಪೊಲೀಸು!"

ಮೂವತ್ತು ವರ್ಷದಲ್ಲಿ ಮೂರು ಕೋಟಿ ಜನರನ್ನು ಒಳಗೆ ಬಿಟ್ಟು ಹೊರಗೆ ಕಳಿಸಿದ್ದ ಶನೂದಾ ಈಗ ತಾನೇ ಸಿಕ್ಕಿಬಿದ್ದ. ಬಳೆಯಿದ್ದ ಕೈಚೀಲ ಅವನ ಪಕ್ಕದಲ್ಲೇ ಇತ್ತಲ್ಲ! ಅವನ ಜೇಬು, ಪೇಟ, ಕಾಲುಚೀಲ ಎಲ್ಲ ಜಾಲಾಡಿದ್ದಾಯಿತು. ಕೆಲಸ ಹೋಗುವುದು ಖಂಡಿತ, ಜೈಲು ಅದಕ್ಕಿಂತ ಖಂಡಿತ. ಸಾವಿರ ವರ್ಷ ಅಲುಗದ ಗೋಡೆಗಳು ಅವನತ್ತ ಗೇಣುಗೇಣಾಗಿ ಸರಿದು ಬರುತ್ತಿದ್ದವು.

ಗಲಾಲ್ ಈಗ ಫೋಟೋ ತೆಗೆಯುವ ಫತ್ತೂಹನ ಮರದ ಕ್ಯಾಮೆರಾಕ್ಕೆ ಕೈಹಾಕಿದ. ಅದು ಕಪ್ಪು ಬಟ್ಟೆಯ ತೋಳೊಂದಿರುವ ದೊಡ್ಡ ಪೆಟ್ಟಿಗೆ. ಆ ತೋಳಿನೊಳಗೆ ಕೈಬಿಟ್ಟು ಫತ್ತೂಹ್ ಕತ್ತಲಲ್ಲೇ ಫೋಟೋ ತೊಳೆಯುತ್ತಿದ್ದ.

"ತೆಗೀಬೇಡಿ ಸಾಹೇಬ್ರೇ! ಬೆಳಕು ಬಿದ್ರೆ ಒಳಗಿರೋ ಕಾಗದ ಎಲ್ಲಾ ಕಪ್ಪಾಗುತ್ತೆ. ನನ್ನ ರೊಟ್ಟಿಗೆ ಕಲ್ಲು!"

ಗಲಾಲ್ ಕೈ ಹಿಂತೆಗೆದ.

ಟಿಕೆಟು ಹರಿಯುವ ಹಾಜಾ ತವ್ಹೀದಾ ಮೆಟ್ಟಿಲ ಮೇಲೆ ಕುಳಿತು ಕಲ್ಲಂಗಡಿ ಬೀಜ ಸುಲಿಯುತ್ತಿದ್ದಳು. ಈ ಬುರುಜಿನಲ್ಲಿ ಅವಳು ಹಿಡಿದ ಕಳ್ಳರನ್ನು ಸಾಲಾಗಿ ಮಲಗಿಸಿದರೆ ನೈಲ್ ನದಿಗೆ ಸೇತುವೆಯಾಗುತ್ತಿತ್ತು.

"ಶನೂದಾ, ಅಳೋದು ಬಿಟ್ಟು ಮೊದಲಿಂದ ಹೇಳು."

"ಬಳೆ ಹೊಳೆದ್ರೆ ಫೋಟೋದಲ್ಲಿ ಬಿಳಿ ಕಲೆ ಬೀಳುತ್ತೆ, ತೆಗೆದಿಡಮ್ಮ ಅಂದ ಫತ್ತೂಹ್. ಆಯಮ್ಮ ಚೀಲದಲ್ಲಿಟ್ಳು. ನೆರಳು ಬೀಳ್ತಿದೆ ಅಂತ ಇವನೇ ಚೀಲಾನ ನನ್ನ ಪಕ್ಕಕ್ಕೆ ಸರಿಸ್ದ. ಫೋಟೋ ತೊಳೆದು ಕೊಟ್ಟ. ನಂದೂ ಒಂದು ತೆಗಿಯೋ ಅಂದೆ. 'ಇವರದ್ದೇ ಕಡೇ ಕಾಗದ, ನಾಳೆ ಬಾ ಸುಂದರಾಂಗ' ಅಂದ."

ಹಾಜಾ ಸಿಪ್ಪೆ ಉಗಿದು ಎಲ್ಲರನ್ನೂ ಪೆಟ್ಟಿಗೆಯ ಸುತ್ತ ನಿಲ್ಲಿಸಿದಳು.

"ಬಳೆ ತೆಗೆಸಿದ್ದು ಫತ್ತೂಹ್. ಚೀಲ ಮುಟ್ಟಿದ್ದು ಫತ್ತೂಹ್. ಎಲ್ಲರ ಕಣ್ಮುಂದೆ ಮೊಣಕೈವರೆಗೂ ಕತ್ತಲಿಗೆ ಕೈ ಇಳಿಸಿದ್ರೂ ಯಾರೂ ಕೇಳದೇ ಇರೋದು ಇವನೊಬ್ಬನ್ನೇ. ಇಷ್ಟಕ್ಕೇ ಕಳ್ಳ ಅನ್ನಲ್ಲ. ಆದ್ರೆ ಮಗಾ, ಮುಗಿದುಹೋದ ಕಾಗದ ಹೆಂಗೋ ಕಪ್ಪಾಗುತ್ತೆ?"

ಗಲಾಲ್ ಮುಚ್ಚಳ ಕಿತ್ತ. ಒಳಗೆ ಒಂದು ಹಾಳೆಯೂ ಇರಲಿಲ್ಲ. ಫೋಟೋ ತೊಳೆಯುವ ತಟ್ಟೆಯ ತಳದಲ್ಲಿ ಬಳೆ ಮಲಗಿತ್ತು.

"ಇಪ್ಪತ್ತು ವರ್ಷ ಒಂದೇ ಬಟ್ಟಲಲ್ಲಿ ಬೇಯಿಸಿದ ಫೂಲ್ ಕಾಳು ತಿಂದೋರಲ್ವೇನೋ ನಾವು? ನನ್ನ ತಲೆಗೇ ಕಟ್ಟಿದ್ಯಲ್ಲೋ!" ಎಂದ ಶನೂದಾ.

ಗಲಾಲ್ ತಲೆತಗ್ಗಿಸಿ ಬೀಗದ ಕೈ ಚಾಚಿದ. ಶನೂದಾ ಕದ ತೆರೆದು ಹೊರಗೆ ಹೋದ. ಒಳಗೆ ಬಂದ. ಮತ್ತೆ ಹೊರಗೆ ಹೋದ. ಹೀಗೆ ಹದಿನೇಳು ಸಲ.

"ಏನೋ ಅದು?" ಎಂದಳು ಹಾಜಾ.

"ಕದ ಸರಿಯಾಗಿದ್ಯಾ ನೋಡ್ತಿದೀನಿ ಹಾಜಾ," ಎಂದು ಅವನು ಹದಿನೆಂಟನೆಯ ಸಲ ಹೊರಗೆ ಹೋದ.